ದಾಸ್ತಾನು ವಹಿ

ನನ್ನ ಅಕ್ಷರ ದುಂಡಗಿದೆ. ಅದೊಂದೇ ಕಾರಣಕ್ಕೆ
ಹಾಸನದ ಈ ಜೈಲಿನ ವಹಿಗಳು ನನ್ನ ಕೈಗೆ ಬಂದವು.
ಹೊರಗೆ ನಾನು ಹಾಲಿನ ಡೇರಿಯ ಕಾರ್ಯದರ್ಶಿ.
ನಲವತ್ತೊಂದು ಸಾವಿರದ ಮುನ್ನೂರು ರೂಪಾಯಿ
ಎಲ್ಲಿ ಹೋಯಿತೆಂದು ಹೇಳಲಾರದೆ,
ಜಾಮೀನಿಗೆ ನಿಲ್ಲುವವರೂ ಇಲ್ಲದೆ,
ಮೂರನೇ ವರ್ಷ ವಿಚಾರಣೆಗೆ ಕಾಯುತ್ತಿರುವವನು.
ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯ್ತು ಎಂದು
ವಾರ್ಡರುಗಳು ನಗುತ್ತಾರೆ. ನಾನೂ ನಗುತ್ತೇನೆ.

ಲೆಕ್ಕಪತ್ರ ಸಮಿತಿ ಬರುತ್ತದೆಂದು ಮಂಗಳವಾರ ಗೊತ್ತಾಯಿತು.
ಬುಧವಾರ ಸುಣ್ಣ. ಗುರುವಾರ ಫಿನಾಯಿಲು.
ಶುಕ್ರವಾರ ಬೆಳಿಗ್ಗೆ ಉಗ್ರಾಣದ ಬಾಗಿಲು ತೆರೆದು
ಮುನ್ನೂರು ಕಂಬಳಿ ಹೊರಗೆ ಬಂದವು,
ಮಡಿಕೆ ಮುರಿಯದವು, ನುಸಿಗುಳಿಗೆಯ ವಾಸನೆಯವು,
ಎರಡು ವರ್ಷದ ಹಿಂದೆಯೇ ‘ವಿತರಿಸಲಾಗಿದೆ’ ಎಂದು
ನನಗಿಂತ ಮುಂಚಿನವನ ಕೈಯಲ್ಲಿ ಬರೆಸಿಕೊಂಡವು.

ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಂದು ಸಲ;
ಹೋದ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ,
ಇಟ್ಟ ಅನ್ನ ಹಳಸಿರುವುದಿಲ್ಲ ಅನ್ನುತ್ತಾರೆ.
ವಹಿಯೊಳಗಿನ ಅಕ್ಕಿಯೂ ಹಾಗೆಯೇ.
ಹುಳ ಹಿಡಿಯುವುದಿಲ್ಲ.

ಹನ್ನೊಂದು ಜನ ಬಂದರು.
ತಲಾ ಎಷ್ಟು ಗ್ರಾಂ ಬೇಳೆ ಎಂದು ಒಬ್ಬರು ಕೇಳಿದರು.
ಸಾರಿನ ಹಂಡೆಯ ಪಕ್ಕ ನಿಂತು ಓದಿ ಹೇಳಿದೆ.
ಲ್ಯಾಕ್ಟೋಮೀಟರ್ ಅದ್ದಿ ಹನ್ನೆರಡು ವರ್ಷ ಬದುಕಿದ ಕಣ್ಣು,
ನೀರು ಎಷ್ಟೆಂದು ಅದಕ್ಕೆ ತಿಳಿಯುತ್ತದೆ.
ಆಲೂಗಡ್ಡೆಯ ಸೀಮೆಯಲ್ಲಿ, ಈ ಸಾರಿನೊಳಗೆ
ಆಲೂಗಡ್ಡೆ ಒಂದು ಊಹೆ.

ಆಮೇಲೆ ಮಹಾಲೇಖಪಾಲರ ಕಂಡಿಕೆ, ನಾಲ್ಕು ಪಾಯಿಂಟ್ ಏಳು:
ಬ್ಯಾರಕ್ ದುರಸ್ತಿ, ಹದಿನೆಂಟು ಲಕ್ಷ, ದಾಖಲೆ ಅಲಭ್ಯ.
ಅಲಭ್ಯ. ಎಂಥ ಸಭ್ಯ ಪದ.
ನನ್ನ ನಲವತ್ತೊಂದು ಸಾವಿರಕ್ಕೆ
ಪೊಲೀಸರು ಬೇರೆ ಪದ ಬಳಸಿದ್ದರು.
“ಆದಷ್ಟು ಬೇಗ ಹುಡುಕಿಸಿ ಕಳಿಸ್ತೀವಿ ಸಾರ್.”
ಅಧ್ಯಕ್ಷರು ತಲೆಯಾಡಿಸಿದರು. ಗೋಡಂಬಿ ಬಂತು.

ಹಿಂದೆ ಉಳಿದವರು ಒಬ್ಬ ಹೆಂಗಸು, ಮೊಣಕಾಲು ನೋವಿನವರು.
ಮಿಕ್ಕವರು ಬೇಲೂರಿಗೆ ಹೊತ್ತಾಯಿತೆಂದು ವಾಚು ನೋಡುವಾಗ
ಎರಡನೇ ಬ್ಯಾರಕ್ಕಿನ ನೆಲವನ್ನು
ಕುಂಟುತ್ತಲೇ ಹೆಜ್ಜೆಯಲ್ಲಿ ಅಳೆದರು.
ಉದ್ದ ಹದಿನಾರು. ಅಗಲ ಒಂಬತ್ತು. ಜನ ಐವತ್ತೆಂಟು.
ಗೋಡೆಗೊರಗಿದ್ದ ಚಿಕ್ಕಹೊನ್ನಯ್ಯನನ್ನು ಕೇಳಿದರು:
“ಇಷ್ಟೂ ಜನ ಹೆಂಗೆ ಮಲಗ್ತೀರಪ್ಪ?”
“ಪಾಳಿ ಐತೆ ಕಣವ್ವ. ನಂದು ಎರಡು ಗಂಟೆ ಮ್ಯಾಲೆ.”

ಸೂಪರಿಂಟೆಂಡೆಂಟರು ಕೆಮ್ಮಿದರು.
ಆಕೆಯ ಪೆನ್ನು ಏನೋ ಬರೆಯಿತು; ಎಷ್ಟು ಸಾಲೋ ಕಾಣಲಿಲ್ಲ.
ಅದು ವರದಿಯಾಗಿ, ಸದನದಲ್ಲಿ ಮಂಡನೆಯಾಗಿ,
ಇಲಾಖೆಯ ಉತ್ತರವಾಗಿ, ಉತ್ತರದ ಮೇಲೊಂದು ಟಿಪ್ಪಣಿಯಾಗಿ
ಇಲ್ಲಿಗೆ ಮರಳುವ ಹೊತ್ತಿಗೆ
ಯಾರ ಪಾಳಿ ನಡೆಯುತ್ತಿರುತ್ತದೋ.

ಸಂಜೆ ಕಂಬಳಿಗಳನ್ನು ವಾಪಸು ಪಡೆದು ಎಣಿಸಿದೆ.
ಇನ್ನೂರ ತೊಂಬತ್ತೊಂಬತ್ತು.
ಮತ್ತೆ ಎಣಿಸಿದೆ. ಹತ್ತರ ಕಟ್ಟು ಬಿಚ್ಚಿ, ಒಂದೊಂದಾಗಿ.
ಹೊರಗೆ ಪುಷ್ಯದ ಚಳಿ ಕೂತಿತ್ತು.
ಎರಡನೇ ಬ್ಯಾರಕ್ಕಿನ ಮೂಲೆಯಿಂದ
ಮುದುಕನ ಕೆಮ್ಮು ಎಂದಿಗಿಂತ ಮೆತ್ತಗೆ,
ದಪ್ಪದ್ದೇನೋ ಮೇಲೆ ಹೊದ್ದ ಹಾಗೆ ಕೇಳಿಸಿತು.
“ಎಷ್ಟಯ್ಯ?” ಅಂದರು ಉಗ್ರಾಣದವರು, ಬೀಗ ಹಿಡಿದು.

ಡೇರಿಯ ದೇವರ ಪಟದ ಮುಂದೆ, ಕೋರ್ಟಿನ ಕಟಕಟೆಯಲ್ಲಿ,
ಸಂದರ್ಶನದ ಜಾಲರಿಯಾಚೆ ನಿಂತ ಹೆಂಡತಿಗೆ
ಒಂದೇ ಒಂದು ಸುಳ್ಳು ಅಂಕಿ ಬರೆದವನಲ್ಲ ಎಂದು
ಆಣೆಯಿಟ್ಟು ಹೇಳಿದ್ದೆ.
ನಿಜ. ಅಲ್ಲಿಯವರೆಗೆ ಬರೆದಿರಲಿಲ್ಲ.

ಪುಟ ನೂರಾ ಹದಿನಾಲ್ಕು, ಆರನೇ ಕಾಲಂ.
ಮೂರು ಬರೆದೆ. ಒಂದು ಸೊನ್ನೆ.
ಎರಡನೇ ಸೊನ್ನೆ ಕೊಂಚ ದೊಡ್ಡದಾಯಿತು,
ಒಬ್ಬ ಮುದುಕ ಕಾಲು ಮಡಚಿ ಮಲಗುವಷ್ಟು.
ಶಾಯಿ ಆರುವ ಮೊದಲೇ ಅವರು ವಹಿ ಮುಚ್ಚಿದರು.
ಎದುರು ಪುಟದಲ್ಲೂ ಅದರ ಗುರುತು ಬಿದ್ದಿರಬೇಕು.