ಬರೇ ಕೂಲಿ

ಮೊದಲನೇ ಜೋಡಿ ಇರಿವಿ ತಿಂದವು.

ಸಕ್ಕರಿ ಪಾಕದಾಗ ಅದ್ದಿದರ ಲೇಸು ಸೆಟದು ನಿಲ್ಲತೈತಿ
ಅಂತ ಯಾರೋ ಹೇಳಿದ್ದರು, ಬಾದಾಮಿ ಬಸ್ಸಿನಾಗ.
ನಿಂತಿತು, ಖರೇ. ರಾತ್ರಿ ಮಾಡದಾಗ ಇಟ್ಟು ಮಲಗಿದೆ.
ಮುಂಜಾನೆ ಗೋಡಿಗುಂಟ ಒಂದು ಕರೀ ಎಳಿ,
ನಾನು ಹೆಣೀದ ಎಳಿ ಅಲ್ಲ,
ಸೀದಾ ಹೂವಿನ ನಡುವಿಗೆ ಹೋಗಿ
ಅಲ್ಲಿಂದ ಹೊಳ್ಳಿ ಬರತಿತ್ತು.

ಎರಡನೇದಕ್ಕ ಫೆವಿಕಾಲ್ ಬಳದೆ.
ಹಪ್ಪಳ.
ಹಾಕ್ಕೊಂಡು ಹೊಳ್ಳಿ ನೋಡಿದರ ಕುತಗಿ ಗೀರಿತು.
"ಇದನ್ನ ಅನ್ನಕ್ಕ ನೆಂಚಿಕೋಬೇಕೇನವ್ವಾ?" ಅಂದಳು ಪಲ್ಲವಿ.
ಮೂರನೇದು ಒಗದ ಮ್ಯಾಲೆ ಕುಗ್ಗಿ
ಒಂದು ಹೆಸರುಕಾಳು, ಒಂದು ಅಲಸಂದಿ.

ನೂಲು ನಮ್ಮ ಮನ್ಯಾಗ ಕೊಳ್ಳೂದಲ್ಲ, ಕಸಬರಿಗಿಲೆ ಬರೂದು.
ಗುಳೇದಗುಡ್ಡದ ಈ ಓಣ್ಯಾಗ
ಖಣದ ಮಗ್ಗ ಇದ್ದಲ್ಲೆಲ್ಲ ಕೆಳಗ ಬಿದ್ದಿರತಾವ
ಗೇಣುದ್ದ, ಚೋಟುದ್ದ,
ಊದಾ, ಗಿಣಿ ಹಸರು, ದಾಳಿಂಬರ ಕೆಂಪು,
ಆನಿಹೆಜ್ಜಿಗೆ ಸಾಲದೆ ಉಳದವು,
ಗಂಡ ಜಾಡಿಸಿ ಒಗದವು.
ಗಂಟು ಹಾಕಿ ಹಾಕಿ ಉಂಡಿ ಮಾಡತೀನಿ.
ಗಂಟು ಒಳಮುಖಕ್ಕ ಹೋಗೂವಂಗ ಹೆಣೀಲಿಕ್ಕೆ
ಒಂದು ಪೂರಾ ಬ್ಯಾಸಗಿ ಹಿಡೀತು.
ಕ್ರೋಶಾ ಕಡ್ಡಿ ಒಂದೇ ಕೊಂಡದ್ದು, ಬಾಗಲಕೋಟ್ಯಾಗ.
ಅದಕಿಂತ ಸಣ್ಣದು ಬೇಕಾದಾಗ
ಮುರಕ ಛತ್ರಿಯ ಕಡ್ಡಿ ಬಗ್ಗಿಸಿ
ಬಚ್ಚಲ ಕಲ್ಲಿಗೆ ಉಜ್ಜಿಕೊಂಡೆ.

ಅತ್ತಿ ಸಾಂತವ್ವ ಹೊರಸಿನ ಮ್ಯಾಲೆ ಕುಂತು
ಅಡಕಿ ಕತ್ತರಿಸಿಕೋತ ಎಲ್ಲಾ ನೋಡತಿದ್ದಳು.
"ಮೈಗೆ ನೇಯೋದು ಸಾಲದಾತು, ಕಿವಿಗೂ ಅರಿವಿ."

ನಾಕನೇದು ಬಿಸಲಿಗಿಟ್ಟ ದಿನ ಎದ್ದು ಬಂದಳು.
ಮುಟ್ಟಿದಳು. ಮೂಸಿದಳು.
"ನಲವತ್ತು ವರ್ಷ ಹಾಸಿನೆಳಿಗೆ ಗಂಜಿ ಹಚ್ಚಿದ ಕೈ ಮನ್ಯಾಗಿಟ್ಟುಕೊಂಡು
ಬಸ್ಸಿನ್ಯಾಗಿನವರನ್ನ ಕೇಳತಿಯಲ್ಲ.
ಜೋಳದ ಹಿಟ್ಟು ತಾ, ಅರಿವ್ಯಾಗ ಸೋಸು.
ಕುದಿ ಬರೂಕಿಂತ ಒಂದು ಉಸುರು ಮೊದಲ ಇಳಸು.
ನಾಕು ಬೇವಿನೆಲಿ ಹಾಕು, ಇರಿವಿ ಬಾಯಿ ಕಹಿ ಆಗಲಿ.
ನೂಲು ಕುಡೀಲಿ.
ತೊಯ್ಯೂದು ಬ್ಯಾರೆ, ಕುಡಿಯೂದು ಬ್ಯಾರೆ."

ಕುಡೀತು.
ಒತ್ತಿದರ ಬಾಗಿತು,
ಬಿಟ್ಟರ ಮತ್ತ ಹೂ ಆತು.

ಕಿವಿಕೊಂಡಿ ಕೇಳಲಿಕ್ಕಂತ ಪತ್ತಾರ ಮೌನೇಶನ ಅಂಗಡಿಗೆ ಒಯ್ದೆ.
ಸುಮ್ಮ ಚಾಷ್ಟಿಗೆ ಅವನು ತಕ್ಕಡಿಗಿಟ್ಟ.
ಕೆಂಪು ಅಂಕಿ ಜರಾ ಹೊತ್ತು ಅನುಮಾನ ಮಾಡಿ
ಅರ್ಧ ಗ್ರಾಮಿಗೆ ಬಂದು ನಿಂತಿತು.
ಫ್ಯಾನಿನ ಗಾಳಿಗೆ ಅದೂ ಅಳ್ಳಾಡಿತು.
"ಬಂಗಾರದಾಗ ಬಂಗಾರದ ರೇಟು, ಮ್ಯಾಲೆ ಕೂಲಿ.
ಇದರಾಗ ಏನೈತಿ ವೈನಿ?
ಬರೇ ಕೂಲಿ."
ಬೈದನೋ ಹೊಗಳಿದನೋ
ಮನಿ ಮುಟ್ಟೂತನಕ ತಿಳೀಲಿಲ್ಲ.
ಕೊಂಡಿಗೆ ರೊಕ್ಕ ತಗೊಳ್ಳಲಿಲ್ಲ.

ಸಾಂತವ್ವನ ಕಿವಿ ಎರಡೂ ಹರದಾವ.
ಲಗ್ನದಾಗ ಹಾಕಿದ ಝುಮಕಿಯ ಭಾರಕ್ಕ
ತೂತು ಗೀರಾಗಿ, ಗೀರು ಸೀಳಾಗಿ
ಒಂದಿನ ರೊಟ್ಟಿ ಬಡಿಯುವಾಗ
ಝುಮಕಿ ಹಿಟ್ಟಿನಾಗ ಬಿತ್ತಂತ.
ಸೆರಗು ಕಿವಿ ಮುಚ್ಚೂವಂಗ ಹೊಚ್ಚಿಕೋತಾಳ.
ಬಿಸಲಿಗೆ ಅಂತಾಳ,
ಸಂಜಿಮುಂದೂ.

ಐದನೇ ಜೋಡಿಗೆ ಕೊಂಡಿ ಹಾಕಲಿಲ್ಲ.
ಕಿವಿಯ ಮ್ಯಾಲಿಂದ ಹಾದು ಬರೂವಂಥ ಸಣ್ಣ ಸರಪಳಿ,
ತುದಿಗೆ ಊದಾ ಹೂ,
ಸೀಳಿನ ಮ್ಯಾಲೆ ಕುಂದರೂವಂಥದು.
ಆಕಿ ಮಲಗಿದಾಗ ದಾರ ಹಿಡದು ಅಳತಿ ತಗೊಂಡೆ, ಕಳ್ಳರಂಗ.
ಮೂರು ಸಲ ಬಿಚ್ಚಿದೆ.
ತಲದಿಂಬಿನ ಬಾಜೂ ಇಟ್ಟೆ. ಏನೂ ಅನ್ನಲಿಲ್ಲ.

ಮರುದಿನ ಗಿರಣಿಗೆ ಹೋದಾಕಿ ಹೊಳ್ಳಿ ಬಂದಳು,
ಬುಟ್ಟಿ ತಲಿ ಮ್ಯಾಲೆ, ಸೆರಗು ಕಿವಿಯ ಹಿಂದ,
ಊದಾ ಹೂವಿನ ಮ್ಯಾಲೆ ಜೋಳದ ಹಿಟ್ಟು.
"ಎಡಗಿವೀದು ಎರಡು ಎಳಿ ಸಡ್ಲ ಐತಿ," ಅಂದಳು ಮೊದಲ.
ಬುಟ್ಟಿ ಇಳಿಸಿದ ಮ್ಯಾಲೆ,
"ಹಾಜರಾಬಿ ಸೊಸಿಗೆ ಒಂದು ಜೋಡಿ ಬೇಕಂತ, ಹಸರು.
ಕೂಲಿ ನಾ ಹೇಳಿಲ್ಲ. ಅದನ್ನ ನೀ ಹೇಳಬೇಕು."

ಉಂಡಿ ಬಿಚ್ಚಿ ನೋಡಿದೆ.
ಗಿಣಿ ಹಸರು ಒಂದೇ ಗೇಣು.
ಮಗ್ಗದ ಮ್ಯಾಲೆ ಗಂಡ ಇವತ್ತ ಏರಿಸಿದ್ದು
ಹಸರು ಖಣ.
ಅವನು ಚಾ ಕುಡೀಲಿಕ್ಕೆ ಯಾವಾಗ ಏಳತಾನೋ ಅಂತ
ಕತ್ತರಿ ಹಿಡಕೊಂಡು ಕುಂತೀನಿ.