ಒಳಜೇಬು

ನಲವತ್ತು ಕೇಪು, ಎಲ್ಲ ಕೆಂಪು.
ಅರ್ಧ ಹಣ ಮುಂಗಡ, ಕೈಗೇ ಇಟ್ಟರು.
ಪಿರಾಸಿಕಾಬಾದಲ್ಲಿ ಕಬ್ಬಿನ ಗದ್ದೆಗೆ ಬೆಂಕಿ ಕೊಟ್ಟು
ಒಣಹಾಕಿದ ಬಟ್ಟೆಯ ಮೇಲೆಲ್ಲ ಬೂದಿ ಕೂರುವ ತಿಂಗಳು.
ಕಿಟಕಿ ಮುಚ್ಚಿಕೊಂಡು ಹೊಲಿದೆ.

ಬುರುಜಿನ ಹುಡುಗರು ಅಂತ ಊರು ಕರೆಯುತ್ತಿತ್ತು ಅವರನ್ನು.
ಬೆನ್ನ ಮೇಲೆ ಜರಿನೂಲಲ್ಲಿ ಕೋಟೆಯ ಬುರುಜು:
ಏಳು ಸಾಲು ಕಲ್ಲು, ಒಂದೇ ಕಿಂಡಿ.
ಬಾಗಿಲೆಲ್ಲಿ, ಕೇಳಿದೆ.
ಹೊರಗಿನವರಿಗೆ ಬಾಗಿಲು ಯಾಕೆ, ದೋನಾ ಜುಲ್ಮೀರಾ,
ನಕ್ಕ ಗಿರಣಿ ಯಜಮಾನನ ಮಗ.
ಒಳಗಿನವರಿಗೆ?
ಕೇಳಲಿಲ್ಲ. ಬಾಯಲ್ಲಿ ಗುಂಡುಸೂಜಿಗಳಿದ್ದವು.

ಒಳ್ಳೆಯ ಹುಡುಗರು, ಸುಳ್ಳು ಯಾಕೆ ಹೇಳಲಿ.
ಗೆರೆ ಎಳೆದಂಥ ಬೈತಲೆ, ಚೊಕ್ಕ ಉಗುರು,
ಅಳತೆಗೆ ನಿಂತಾಗ ಕಣ್ಣು ನೆಲದ ಮೇಲೆ.
ಬಲಿಪೂಜೆ ಲ್ಯಾಟಿನ್ನಿನಲ್ಲೇ ನಡೆಯಬೇಕು,
ಪಾದ್ರಿ ನಮಗೆ ಬೆನ್ನು ಮಾಡಿ ದೇವರಿಗೆ ಮುಖ ಕೊಡಬೇಕು,
ನೆಲ ಯಾರದೋ ಅವರದೇ ಇರಬೇಕು:
ಮೂರನ್ನೂ ಒಂದೇ ಉಸಿರಲ್ಲಿ ಹೇಳುತ್ತಿದ್ದರು,
ಒಂದೇ ದಾರದ ಜಪಮಣಿ ಎಣಿಸಿದ ಹಾಗೆ.
ಮೊದಲೆರಡಕ್ಕೆ ನಾನೂ ಹೂಂ ಅಂದವಳೇ.
ನನ್ನವ್ವ ಸತ್ತದ್ದು ಲ್ಯಾಟಿನ್ನಿನಲ್ಲಿ. ತಿಳಿಯದ ಮಾತು
ಒಮ್ಮೊಮ್ಮೆ ಕಂಬಳಿಯಷ್ಟು ಬೆಚ್ಚಗಿರುತ್ತದೆ.
ಮೂರನೆಯದಕ್ಕೆ ಏನೆನ್ನಲಿ?
ನನ್ನ ಗಂಡನ ಎರಡು ಬೆರಳು
ಯಾರದೋ ನೆಲದಲ್ಲಿ ಉಳಿದಿವೆ.

ಮೂವತ್ತನಾಲ್ಕನೆಯ ಅಳತೆಗೆ ಬಂದವನು ಅನ್ಸೆಲ್ಮೊ,
ತಂಗಿಯ ಮಗ. ಎದೆ ಎರಡಿಂಚು ಕಡಿಮೆ;
ಆ ಮನೆಯಲ್ಲಿ ರಾತ್ರಿಗೆ ಬರೀ ಮರಗೆಣಸಿನ ಹಿಟ್ಟು.
ಇದನ್ನು ಹೊದ್ದರೆ ದೊಡ್ಡಮ್ಮಾ,
ಯಾರೂ ನನ್ನ ಚಪ್ಪಲಿ ನೋಡುವುದಿಲ್ಲ, ಎಂದ.
ಅವನದಕ್ಕೆ ಕೂಲಿ ಹಿಡಿಯಲಿಲ್ಲ.
ಬುರುಜಿಗೆ ಒಂದು ಸಾಲು ಕಲ್ಲು ಹೆಚ್ಚು ಹಾಕಿದೆ.

ಭಾನುವಾರ ಚೌಕದಲ್ಲಿ ಮೇಜು, ಧ್ವಜ, ಸಹಿಯ ಹಾಳೆ.
ಚರ್ಚಿನೊಳಗೆ ನುಗ್ಗಿದ ಕೆಂಪರನ್ನು ಹೊರಗಟ್ಟಿ!
ಕೆಂಪು ಹೊದ್ದವರೇ ಕೆಂಪರು ಕೆಂಪರು ಎಂದು ಕೂಗುವಾಗ
ನಗು ಬಂತು, ಶಾಲಿನಿಂದ ಬಾಯಿ ಮುಚ್ಚಿಕೊಂಡೆ.
ನೀನು ಸಹಿ ಹಾಕಿದೆಯಾ ಅಜ್ಜಿ, ಈಗ ಕೇಳುತ್ತವೆ ಮೊಮ್ಮಕ್ಕಳು.
ಮೇಜಿನ ಹಿಂದೆ ನಿಂತದ್ದು ಅನ್ಸೆಲ್ಮೊ.
ಪೆನ್ನಿನ ಮುಚ್ಚಳ ತೆಗೆದು ನೀಡಿದ.

ಪಾದ್ರಿ ವಾಲ್ದಿವಿನೊ ತಮ್ಮ ನಿಲುವಂಗಿ ತಂದದ್ದು ಅದೇ ವಾರ.
ಕಬ್ಬು ಕಡಿಯುವವರ ಸಭೆಗೆ ಬೇಲಿ ನುಸುಳಿ ಹೋಗಿ
ಮುಳ್ಳುತಂತಿಗೆ ಸಿಕ್ಕಿ ಹರಿದಿತ್ತು.
ನನ್ನ ಗೋಡೆಗೆ ಇದ್ದದ್ದು ಒಂದೇ ಮೊಳೆ.
ರಾತ್ರಿಯಿಡೀ ಕಪ್ಪೂ ಕೆಂಪೂ ಒಂದರ ಮೇಲೊಂದು ತೂಗಾಡಿದವು,
ಅಪ್ಪಿಕೊಂಡ ಹಾಗೆ,
ಕುಸ್ತಿಗೆ ಬಿದ್ದ ಹಾಗೆ.

ಕೊನೆಗೊಂದು ಮಾತು ಹೇಳಿ ಕಳಿಸಿದರು:
ಎಡಗಡೆಗೆ ಒಳಜೇಬು ಬೇಕು,
ನಾಲ್ಕು ಮಡಿಕೆಯ ಹಾಳೆ ಹಿಡಿಸುವಷ್ಟು.
ಸ್ತೋತ್ರದ ಹಾಳೆ ಇರಬೇಕು ಅಂದುಕೊಂಡೆ.
ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಹೆಸರುಗಳು ಹೋದದ್ದು ಅದರಲ್ಲಿ.
ಯಾರ ಹಿತ್ತಲಲ್ಲಿ ಸಭೆ, ಯಾರ ಮನೆಯಲ್ಲಿ ಪುಸ್ತಕ,
ಯಾರು ಪಾದ್ರಿಗೆ ಕುದುರೆ ಕೊಟ್ಟರು.
ಸಂತ ಯೋಹಾನನ ಹಬ್ಬದ ಬೆಂಕಿ ಆರುವ ಮೊದಲೇ
ಒಂದು ಜೀಪು ಬಂತು.
ಹೊಲಿದು ಇಸ್ತ್ರಿ ಹಾಕಿದ ನಿಲುವಂಗಿ
ನನ್ನ ಮೊಳೆಯ ಮೇಲೇ ಉಳಿಯಿತು.

ಒಂದು ಜೇಬಿನ ತಳ ಹೊಲಿಯದೆ ಬಿಟ್ಟಿದ್ದೆ.
ಯಾರ ಕೇಪಿನದೋ ನೆನಪಿಲ್ಲ.
ಅದರ ಹಾಳೆ ದಾರಿಯಲ್ಲೆಲ್ಲೋ ಜಾರಿ
ಒಬ್ಬನಾದರೂ ಉಳಿದಿರಬಹುದು,
ಎನ್ನುತ್ತಾಳೆ ತಂಗಿ, ನನ್ನ ಸಮಾಧಾನಕ್ಕೆ.
ಧೈರ್ಯ ಅನ್ನಬೇಡಿ ಅದನ್ನು.
ನೂಲು ಮುಗಿದಿತ್ತು. ಅಂಗಡಿ ಮುಚ್ಚಿತ್ತು.