ಗಾಳಿ ಕುಡಿದ ಗಾಡಿ

ಮೊದಲು ಹೇಳಿ: ಹೊಗೆ ಬರುತ್ತದೋ ಇಲ್ಲವೋ?
ಬಂದರೆ ಬಿಳಿಯೋ, ಕಪ್ಪೋ?
ಫೋನಿನಲ್ಲೇ ಬೈದರು ಮಾಚಮ್ಮನವರು:
ಕಣದ ನಡುವೆ ಎಮ್ಮೆಯ ಹಾಗೆ ಕೂತಿದೆ, ಮೊಯ್ದು,
ಮೂವತ್ತು ಮೂಟೆ ಹಣ್ಣು ಹರಡಲು ಕಾದಿದೆ,
ನೀನು ಸೀರೆ ಅಂಗಡಿಯವನಂತೆ ಬಣ್ಣ ಕೇಳುತ್ತೀಯ.

ಆಮೇಲೆ ಹೇಳಿದರು. ಇಲ್ಲ. ಹೊಗೆಯೇ ಇಲ್ಲ.

ಅಷ್ಟು ಸಾಕಿತ್ತು.
ಬಿಳಿ ಹೊಗೆ ಎಂದರೆ ಡೀಸೆಲ್ ಬಂದಿದೆ,
ಹೊತ್ತಿಕೊಳ್ಳಲು ಬಿಸಿ ಸಾಲದು.
ಹೊಗೆಯೇ ಇಲ್ಲವೆಂದರೆ
ಒಲೆ ಚೆನ್ನಾಗಿಯೇ ಇರಬಹುದು, ಸೌದೆ ಬಂದಿಲ್ಲ.
ಗೋಣಿಕೊಪ್ಪದ ಅಂಗಡಿಯ ಮುಂದಿನ ಇಳಿಜಾರಿನಲ್ಲಿ
ಸ್ಕೂಟರು ತಳ್ಳಿ ಹತ್ತಿದೆ,
ಬಿರುನಾಣಿಯ ದಾರಿ ಹಿಡಿದೆ.

ನನಗಿಂತ ಎರಡು ವರ್ಷ ದೊಡ್ಡ ಗಾಡಿ.
ಬಾನೆಟ್ಟಿನ ಕೆಂಪು ಮಾಸಿ ಹಳೇ ಇಟ್ಟಿಗೆಯಾಗಿದೆ.
ಸ್ಟಾರ್ಟರು ಮೈಮುರಿದು, ಬೇಸರದಲ್ಲಿ ತಿರುಗಿತು.
ಬ್ಯಾಟರಿಯ ಅರ್ಥ್ ಪಟ್ಟಿ ಬಿಚ್ಚಿ ತುಕ್ಕು ಕೆರೆದೆ,
ಚುರುಕಾಯಿತು. ಹೊಗೆ ಮಾತ್ರ ಇಲ್ಲ.
ಫಿಲ್ಟರಿನ ತಲೆಯ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ
ಪ್ರೈಮರ್ ಒತ್ತಿದೆ, ಹೆಬ್ಬೆರಳು ನೋಯುವ ತನಕ.
ಬುರುಬುರು ನೊರೆ. ಮತ್ತೆ ನೊರೆ. ಆಮೇಲೆ
ತೆಳ್ಳಗೆ, ಗೆರೆ ಎಳೆದ ಹಾಗೆ, ಡೀಸೆಲ್.
ಕೀಲಿ ತಿರುಗಿಸಿದೆ, ಎದ್ದಿತು.
ಕಾಫಿ ಹರಡಿದರು. ನನಗೆ ಊಟ ಹಾಕಿದರು.
ಇವತ್ತೊಂದು ರಾತ್ರಿ ಸಮ ನೆಲದಲ್ಲೇ ಇರಲಿ, ಎಂದು ಬಂದೆ.

ಬೆಳಿಗ್ಗೆ ಮತ್ತೆ ಫೋನು.

ಎದ್ದದ್ದು ಬೇರೆ, ವಾಸಿಯಾದದ್ದು ಬೇರೆ.
ಸೋರಿದ್ದರೆ ಸಿಮೆಂಟಿನ ಮೇಲೆ ಕಲೆ ಇರಬೇಕಿತ್ತು,
ಒಂದು ಹನಿಯೂ ಇಲ್ಲ.
ಹೊರಗೆ ಕಕ್ಕುವ ಬಿರುಕನ್ನು ಮಗುವೂ ತೋರಿಸೀತು,
ಒಳಗೆ ಹೀರುವುದಕ್ಕೆ ಸಾಕ್ಷಿ ಎಲ್ಲಿಂದ ತರುವುದು?
ಗಾರೆಯ ಪಳನಿಯನ್ನು ಕಾಡಿ,
ಅವನು ಮಟ್ಟ ನೋಡುವ ಪಾರದರ್ಶಕ ಕೊಳವೆಯಿಂದ
ಒಂದು ಗೇಣು ಕೊಯ್ದುಕೊಂಡೆ,
ಪಂಪಿಗೆ ಹೋಗುವ ಪೈಪಿನ ನಡುವೆ ಕೂರಿಸಿದೆ.
ಡ್ರೈವರ್ ಚಾತನೂ ಬಗ್ಗಿದ.
ಸಾಸಿವೆ ಗಾತ್ರದ ಗುಳ್ಳೆ. ತಡೆದು
ಇನ್ನೊಂದು. ಅವಸರವೇ ಇಲ್ಲ ಅವಕ್ಕೆ.

ಬೋಲ್ಟಿನ ಕೆಳಗೊಂದು ತಾಮ್ರದ ವಾಷರು,
ಇಪ್ಪತ್ತು ರೂಪಾಯಿಯದು.
ಕಣ್ಣಿಗೆ ಕಾಣದ ಗೀರು ಉಗುರಿಗೆ ಸಿಕ್ಕಿತು.
ರಾತ್ರಿಯಿಡೀ ಅಲ್ಲಿಂದ ಗಾಳಿ ಕುಡಿದು
ಡೀಸೆಲ್ಲನ್ನು ಟ್ಯಾಂಕಿಗೇ ವಾಪಸು ಕಳಿಸುತ್ತಿತ್ತು ಗಾಡಿ.

ಎಷ್ಟು ದಿನದಿಂದ? ಎಂದೆ.
ಚಾತ ಕೈಯೊರಸಿಕೊಂಡ.
ಯಾವಾಗಲೂ ಏರಿನ ಮೇಲೆ ನಿಲ್ಲಿಸುವುದು,
ಕಲ್ಲು ತೆಗೆದರೆ ಉರುಳುತ್ತದೆ,
ಮೂರನೇ ಗೇರು, ಕ್ಲಚ್ ಬಿಟ್ಟರೆ ಆಯಿತು.
ಕೀಲಿಯನ್ನು ಯಾರು ಕೇಳಿದರು?
ಹನ್ನೊಂದು ವರ್ಷ!

ಈ ಸೀಮೆಯಲ್ಲಿ ಇಳಿಜಾರಿಗೇನು ಬರ.
ದಿನಾ ಬೆಳಿಗ್ಗೆ ಗುಡ್ಡವೇ ತಳ್ಳಿಕೊಟ್ಟಿತು,
ರೋಗವನ್ನೂ ಗುಡ್ಡವೇ ಮುಚ್ಚಿಟ್ಟಿತು.
ಸಮ ನೆಲವೆಂದರೆ ಇವರಿಗೆ ಈ ಕಣ ಒಂದೇ,
ಅಲ್ಲಿ ನಿಂತ ದಿನ ಬಾಯಿಬಿಟ್ಟಿತು.

ಹೊಸ ವಾಷರು ಹಾಕಿದೆ. ಮೂರನೆಯ ಬೆಳಿಗ್ಗೆ
ಫೋನು ಬಾರದೆ ಕಳವಳವಾಗಿ ನಾನೇ ಮಾಡಿದೆ.
ಅರ್ಧ ಸುತ್ತಿಗೇ ಎದ್ದಿತಲ್ಲ, ಎಂದರು ಮಾಚಮ್ಮನವರು,
ಹೇಳುವುದಕ್ಕೇನಿದೆ ಅದರಲ್ಲಿ?

ವಾರ ಬಿಟ್ಟು ಲೆಕ್ಕಕ್ಕೆಂದು ಹೋದರೆ
ಗಾಡಿ ಏರಿನ ಮೇಲೇ ಇತ್ತು, ಚಕ್ರದಡಿ ಅದೇ ಕಲ್ಲು,
ರಬ್ಬರು ಉಜ್ಜಿ ಉಜ್ಜಿ ಒಂದು ಬದಿ ನುಣುಪು.
ಚಾತ ನನ್ನ ಮುಖ ನೋಡಿದ.
ನಾನು ಬಾಯಿ ತೆರೆಯಲಿಲ್ಲ.
ಪಕ್ಕದಲ್ಲೇ, ಇಳಿಜಾರಿಗೆ ಮುಖ ಮಾಡಿ,
ನನ್ನ ಸ್ಕೂಟರನ್ನು ನಿಲ್ಲಿಸಿದ್ದೆ.